ಎರಡು ಕೊಕ್ಕೆ, ಒಂದು ಬಿಲ್ಲೆ: ನಮ್ಮ ಗರಡಿ ಜಿಮ್‌ನಲ್ಲಿ ಜಗಳ ನಿಂತ ಕಥೆ

ಜಿಮ್ ಬೆಂಚಿಗೆ ಎರಡು ಕೊಕ್ಕೆ ಹಾಕಿ, ಬಿಲ್ಲೆ ತೂಗುಹಾಕಿದ ಇಬ್ಬರು ಸರದಿಯಲ್ಲಿ ಹಂಚಿಕೊಳ್ಳಲಿ ಅನ್ನುವ ಯೋಚನೆಯನ್ನು ಎರಡು ವರ್ಷದ ಹಿಂದೆ ಹೇಳಿದಾಗ ನಮ್ಮ ಕಮಿಟಿಯಲ್ಲಿ ಒಬ್ಬರೂ ಒಪ್ಪಲಿಲ್ಲ. "ಇದೇನು ರೇಷನ್ ಅಂಗಡಿನೇನಯ್ಯಾ, ಟೋಕನ್ ಹಿಡ್ಕೊಂಡು ನಿಲ್ಲೋಕೆ?" ಅಂತ ಅಧ್ಯಕ್ಷರು ನಕ್ಕರು. ಮೊನ್ನೆ ಇನ್ನೊಂದು ಮೊಹಲ್ಲಾದ ಗರಡಿಯವರು ಟೇಪು ಹಿಡಿದುಕೊಂಡು ಬಂದು ಅಳತೆ ತೆಗೆದುಕೊಂಡು ಹೋದರು. ಅಧ್ಯಕ್ಷರೇ ನಿಂತು ತೋರಿಸಿದರು, ತಾವೇ ಕಂಡುಹಿಡಿದ ಹಾಗೆ. ಇರಲಿ ಬಿಡಿ. ಆದರೆ ನಡೆದದ್ದು ಏನು ಅಂತ ಒಂದು ಸಲ ಬರೆದಿಡೋಣ ಅನ್ನಿಸಿತು.

ನಮ್ಮದು ಮೈಸೂರಿನ ಹಳೇ ಗರಡಿ. ಒಂದು ಕಡೆ ಕುಸ್ತಿಯ ಮಣ್ಣಿನ ಮಟ್ಟಿ, ಪಕ್ಕದಲ್ಲಿ ಮೊದಲು ಸಾಮಾನು ಇಡುತ್ತಿದ್ದ ಕೋಣೆ. ಆ ಕೋಣೆಯೇ ಈಗ ಜಿಮ್. ಅಗಲ 14 ಅಡಿ, ಉದ್ದ 30 ಅಡಿ ಇರಬಹುದು. ಮಲಗಿ ಭಾರ ಎತ್ತುವ ಎರಡು ಬೆಂಚು, ಹೆಗಲ ಮೇಲೆ ರಾಡು ಹೊತ್ತು ಕೂತೇಳಲು ಒಂದು ಸ್ಕ್ವಾಟ್ ರ‍್ಯಾಕ್, ತಂತಿ ಎಳೆದು ಭಾರ ಎತ್ತುವ ಒಂದು ಕೇಬಲ್ ಮೆಷಿನ್, 25 ಕೆಜಿವರೆಗೆ ಡಂಬಲ್ಸ್. ತಿಂಗಳಿಗೆ 300 ರೂಪಾಯಿ. ಮೆಂಬರ್ ಸುಮಾರು 90 ಜನ, ಅದರಲ್ಲಿ 25 ಜನ ಬೆಳಿಗ್ಗೆ ಆರರಿಂದ ಏಳೂವರೆ ಒಳಗೇ ಬರಬೇಕು ಅನ್ನುವವರು. ಸೋಮವಾರ ಬೆಳಿಗ್ಗೆ ಎಲ್ಲರಿಗೂ ಚೆಸ್ಟ್ ಡೇ, ಅಂದರೆ ಎದೆಯ ವ್ಯಾಯಾಮದ ದಿನ, ಎಲ್ಲರಿಗೂ ಬೆಂಚೇ ಬೇಕು. ಇನ್ನು ಕಥೆ ನಿಮಗೇ ಗೊತ್ತು.

ಮೊದಲು ನಾವು ಮಾಡಿದ್ದು ಎಲ್ಲರೂ ಮಾಡುವುದೇ. ಬೋರ್ಡು. ಹನ್ನೊಂದು ನಿಯಮ, ಎಲ್ಲಾ 'ದಯವಿಟ್ಟು' ಅಂತ ಶುರು. ರಾಡಿಗೆ ಹಾಕಿದ ತೂಕದ ಪ್ಲೇಟು ವಾಪಸ್ ಇಡಿ, ಟವೆಲ್ ತನ್ನಿ, ಬೆಂಚಿನ ಮೇಲೆ ಕೂತು ಮೊಬೈಲ್ ನೋಡಬೇಡಿ. ಬರೆಸಲು 900 ರೂಪಾಯಿ. ಒಂದು ತಿಂಗಳಾದ ಮೇಲೆ ಅದಕ್ಕೆ ಯಾರೋ ಬೆವರಿನ ಬನಿಯನ್ ಒಣಹಾಕಿದ್ದರು.

ಆಮೇಲೆ ದಂಡ. ಪ್ಲೇಟು ಬಿಟ್ಟು ಹೋದರೆ 20 ರೂಪಾಯಿ. ಇದು ನನ್ನದೇ ಸಲಹೆ, ಒಪ್ಪಿಕೊಳ್ಳುತ್ತೇನೆ. ಮೂರನೇ ದಿನ ಒಬ್ಬ ಬಂದು 200 ರೂಪಾಯಿ ಮುಂಗಡ ಕೊಟ್ಟ! "ಅಣ್ಣ, ಹತ್ತು ಸಲಕ್ಕೆ ಇಟ್ಕೊಳ್ಳಿ" ಅಂದ. ತಮಾಷೆಗಲ್ಲ, ನಿಜವಾಗಿಯೂ. ಮೊದಲು ಪ್ಲೇಟು ಬಿಟ್ಟು ಹೋಗುವಾಗ ಸ್ವಲ್ಪ ನಾಚಿಕೆಯಾದರೂ ಇತ್ತು, ದಂಡ ಕಟ್ಟಿದ ಮೇಲೆ ಅದೂ ಹೋಯಿತು. ಏಳೆಂಟು ನೂರು ಸೇರಿತು, ಅದರಲ್ಲಿ ಆಯುಧಪೂಜೆಗೆ ಬೂದುಗುಂಬಳ, ಹೂವು ತಂದು ಆ ಲೆಕ್ಕ ಮುಚ್ಚಿದೆವು.

ವಾಟ್ಸಾಪ್ ಗ್ರೂಪಿನಲ್ಲಿ ಸ್ಲಾಟ್ ಬುಕ್ ಮಾಡುವುದನ್ನೂ ನೋಡಿದೆವು. 2020ರ ಆಗಸ್ಟಿನಲ್ಲಿ ಲಾಕ್‌ಡೌನ್ ಸಡಿಲವಾಗಿ ಜಿಮ್ ತೆರೆಯಲು ಬಿಟ್ಟಾಗ ಅರ್ಧರ್ಧ ಗಂಟೆ ಪಾಳಿ ಹಾಕಿದ್ದೆವು, ಆಗ ಚೆನ್ನಾಗಿಯೇ ನಡೆದಿತ್ತು. ಯಾಕೆಂದರೆ ಆಗ ಭಯ ಇತ್ತು. ಭಯ ಹೋದ ಮೇಲೆ ರಾತ್ರಿ ಹನ್ನೊಂದಕ್ಕೆ ಬುಕ್ ಮಾಡಿ ಬೆಳಿಗ್ಗೆ ಮಲಗಿಬಿಡುವವರೇ ಜಾಸ್ತಿ. ಬೆಂಚು ಖಾಲಿ, ಆದರೆ ಬುಕ್ ಆಗಿದೆ. ಗ್ರೂಪು ಕೊನೆಗೆ ಶುಭೋದಯದ ಹೂವಿನ ಚಿತ್ರಗಳಿಗೆ ಮೀಸಲಾಯಿತು.

ದೊಡ್ಡ ದಡ್ಡತನ ಸಿಸಿ ಕ್ಯಾಮೆರಾ. ಏಳು ಸಾವಿರದ ಹತ್ತಿರ ಹೋಯಿತು. ಅದನ್ನು ಕೂತು ನೋಡುವವರು ಯಾರು? ಯಾರೂ ಇಲ್ಲ. ಅದು ಬಂದ ಎರಡೇ ವಾರಕ್ಕೆ ಬರುತ್ತಿದ್ದ ಆರು ಹೆಣ್ಣುಮಕ್ಕಳಲ್ಲಿ ನಾಲ್ಕು ಜನ ನಿಲ್ಲಿಸಿದರು. ಕೇಳಿದರೆ ಕಾರಣ ಹೇಳಲಿಲ್ಲ, ನನ್ನ ಹೆಂಡತಿ ಹೇಳಿದಳು: "ನಾವು ಬಗ್ಗೋದು ಏಳೋದನ್ನ ನೀವು ರೆಕಾರ್ಡ್ ಮಾಡಿ ಇಟ್ಕೊಂಡ್ರೆ ಯಾರ್ರೀ ಬರ್ತಾರೆ?" ಅವತ್ತೇ ಕಳಚಿದೆ. ಅದು ಈಗ ಅಧ್ಯಕ್ಷರ ಮನೆಯ ಗೇಟಿನ ಮೇಲಿದೆ. ದುಡ್ಡು ಇನ್ನೂ ವಾಪಸ್ ಬಂದಿಲ್ಲ.

ತಲೆಗೆ ಹೊಳೆದದ್ದು ಒಂದು ಸೋಮವಾರ. ಪಿಯುಸಿ ಓದುವ ಒಬ್ಬ ಹುಡುಗ ಬೆಂಚಿನ ಪಕ್ಕ ಇಪ್ಪತ್ತು ನಿಮಿಷ ನಿಂತಿದ್ದ. ಬೆಂಚಿನ ಮೇಲಿದ್ದವನು ಕೆಟ್ಟವನಲ್ಲ, ಕೇಳಿದ್ದರೆ ಖಂಡಿತ ಸೇರಿಸಿಕೊಳ್ಳುತ್ತಿದ್ದ. ಆದರೆ ಹುಡುಗ ಕೇಳಲಿಲ್ಲ, ಬೆಂಚಿನವನು ತಲೆ ಎತ್ತಲಿಲ್ಲ. ಹುಡುಗ ಹಾಗೇ ಮನೆಗೆ ಹೋದ. ನಾವು ಇಷ್ಟು ದಿನ ದುರಹಂಕಾರಕ್ಕೆ ಮದ್ದು ಹುಡುಕುತ್ತಿದ್ದೆವು, ರೋಗ ಇದ್ದದ್ದು ಸಂಕೋಚದಲ್ಲಿ. "ಇನ್ನೆಷ್ಟು ಸೆಟ್ ಇದೆ ಅಣ್ಣ?" ಅಂತ ಬಾಯಿಬಿಟ್ಟು ಕೇಳಲು ಅರ್ಧ ಜನಕ್ಕೆ ಆಗುವುದಿಲ್ಲ. (ಸೆಟ್ ಅಂದರೆ ನಡುವೆ ಬಿಡುವಿಲ್ಲದೆ ಒಂದೇ ಸಮ ಎತ್ತುವ ಒಂದು ಸುತ್ತು.) ಮಟ್ಟಿಯಲ್ಲಿ ಈ ಕಷ್ಟವೇ ಇಲ್ಲ, ನೋಡಿ. ಅಲ್ಲಿ ಉಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರುಗಳು, ಇರುತ್ತಾರೆ, ಅವರೇ ಜೋಡಿ ಕಟ್ಟುತ್ತಾರೆ, ದಸರಾ ಕುಸ್ತಿಗೆ ಕಟ್ಟುವ ಹಾಗೆ. ಯಾರೂ ಯಾರನ್ನೂ ಕೇಳಬೇಕಿಲ್ಲ. ಜಿಮ್ ಕೋಣೆಯಲ್ಲಿ ಉಸ್ತಾದರಿಲ್ಲ. ಆ ಜಾಗಕ್ಕೆ ಒಂದು ಕೊಕ್ಕೆ ಹಾಕಿದರೆ?

ನಾನು ಐಟಿಐ ಫಿಟ್ಟರ್, ಹಾಗಾಗಿ ಕೈಕೆಲಸಕ್ಕೆ ಖರ್ಚಿಲ್ಲ. 8 ಎಂಎಂ ಸರಳು ಬಗ್ಗಿಸಿ ಪ್ರತಿ ಬೆಂಚು, ರ‍್ಯಾಕು, ಮೆಷಿನ್ನಿಗೂ ಎರಡೆರಡು ಕೊಕ್ಕೆ ವೆಲ್ಡ್ ಮಾಡಿದೆ. ಡ್ರಿಲ್ ಮಾಡಲಿಲ್ಲ, ಭಾರ ಹೊರುವ ಸ್ಕ್ವೇರ್ ಪೈಪಿಗೆ ತೂತು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಪ್ರತಿ ಮೆಂಬರಿಗೆ ನಂಬರ್ ಇರುವ ಒಂದು ಬಿಲ್ಲೆ. ಒಂದೇ ಒಂದು. ನೀವು ಬೆಂಚು ಹಿಡಿದರೆ ಮೊದಲ ಕೊಕ್ಕೆಗೆ ನಿಮ್ಮ ಬಿಲ್ಲೆ. ಇನ್ನೊಬ್ಬ ಬಂದು ಎರಡನೇ ಕೊಕ್ಕೆಗೆ ಹಾಕಿದ ಅಂದರೆ 'ನಾನೂ ಜೊತೆಗಿದ್ದೇನೆ' ಅಂತ ಅರ್ಥ. ಆಗಿನಿಂದ ಒಂದು ಸೆಟ್ ನಿಮ್ಮದು, ಒಂದು ಅವನದು, ಬಿಡುವಿನಲ್ಲಿ ಬೆಂಚಿನ ಮೇಲೆ ಕೂರುವ ಹಾಗಿಲ್ಲ. ಎರಡೂ ತುಂಬಿದ್ದರೆ ಮೂರನೆಯವನು ಬೇರೆ ಏನಾದರೂ ಮಾಡಿಕೊಂಡು ಬರಬೇಕು. ಬಿಲ್ಲೆ ಒಂದೇ ಇರುವುದರಿಂದ ಬೆಂಚಿನ ಮೇಲೆ ಟವೆಲ್, ಕೇಬಲ್ಲಿನ ಮೇಲೆ ಬಾಟಲಿ ಇಟ್ಟು ಎರಡು ಕಡೆ ಸೀಟು ಹಿಡಿಯುವ ಆಟವೂ ನಿಂತಿತು.

ಮೊದಲ ಸಲ ತಂದದ್ದು ಪ್ಲಾಸ್ಟಿಕ್ ಬಿಲ್ಲೆ, 600 ರೂಪಾಯಿ ವ್ಯರ್ಥ. ತಿಂಗಳೊಳಗೆ ಅರ್ಧ ಮುರಿದವು. ಆಮೇಲೆ ಸಂತೆಪೇಟೆಯಲ್ಲಿ ಅಲ್ಯೂಮಿನಿಯಂ ಬಿಲ್ಲೆ ನೂರು ತಂದೆ, ನಂಬರನ್ನು ಪಂಚ್ ಇಟ್ಟು ಸುತ್ತಿಗೆಯಲ್ಲಿ ನಾನೇ ಹೊಡೆದೆ. ಕೊಕ್ಕೆಯನ್ನು ಮೊದಲು ಮೊಣಕಾಲಿನ ಎತ್ತರಕ್ಕೆ ಹಾಕಿದ್ದೆ, ಒಬ್ಬರ ಕಾಲು ಕೆರೆದು ರಕ್ತ ಬಂತು, ಕತ್ತರಿಸಿ ತೆಗೆದೆ. ಈಗ ಇರುವ ಜಾಗವನ್ನು ಮೂರು ಸಲ ಬದಲಿಸಿ ಗೊತ್ತುಮಾಡಿದ್ದು. ಬಂದು ನೋಡಿದರೆ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ: ಬೆಂಚಿನ ಮೇಲೆ ಮಲಗಿದವನಿಗೆ ಎರಡನೇ ಕೊಕ್ಕೆ ಕಣ್ಣಿಗೆ ಬೀಳಬೇಕು, ಬಿಲ್ಲೆ ಬಿದ್ದರೆ ಸದ್ದು ಕೇಳಬೇಕು. ಎಲ್ಲಾ ಸೇರಿ 3,800 ರೂಪಾಯಿ ಆಗಿರಬಹುದು, ಪ್ಲಾಸ್ಟಿಕ್ಕಿನ ನಷ್ಟವೂ ಸೇರಿ.

ಮೊದಲ ವಾರ ಯಾರೂ ಬಿಲ್ಲೆ ಮುಟ್ಟಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಜಾಸ್ತಿ ಎತ್ತುವ ಹುಡುಗನೊಬ್ಬ ಇದ್ದಾನೆ, ಬೆಂಚಿನಲ್ಲಿ 120 ಕೆಜಿ ಹೊಡೆಯುತ್ತಾನೆ. ಅವನು ಹಾಕಿದರೆ ಎಲ್ಲರೂ ಹಾಕುತ್ತಾರೆ ಅಂತ ಗೊತ್ತಿತ್ತು. ಅವನನ್ನು ಹೇಗೆ ಒಪ್ಪಿಸಿದೆ ಅನ್ನುವುದು ನನ್ನ ಅವನ ನಡುವಿನ ಮಾತು. ಎರಡನೇ ಸೋಮವಾರ ಅವನ ಬಿಲ್ಲೆ ಮೊದಲ ಕೊಕ್ಕೆಯಲ್ಲಿ ಟಣ್ ಅಂತು. ಎರಡನೆಯದಕ್ಕೆ ಆ ಪಿಯುಸಿ ಹುಡುಗನ ಬಿಲ್ಲೆ.

ಲೆಕ್ಕ ನೋಡಿ. ಒಬ್ಬನೇ ಮಾಡಿದರೆ ಐದು ಸೆಟ್ಟಿಗೆ ಇಪ್ಪತ್ತು ನಿಮಿಷ, ಮೊಬೈಲ್ ಕೈಗೆ ಬಂದರೆ ಇಪ್ಪತ್ತೈದು. ಗಂಟೆಗೆ ಮೂರು ಜನ ಆದರೆ ಹೆಚ್ಚು. ಜೋಡಿಯಲ್ಲಿ ಒಂದು ಸೆಟ್ಟಿಗೆ 40 ಸೆಕೆಂಡ್, ಪ್ಲೇಟು ಬದಲಿಸಲು ಅರ್ಧ ನಿಮಿಷ, ಹತ್ತು ಸೆಟ್ ಹನ್ನೆರಡು ನಿಮಿಷಕ್ಕೆ ಮುಗಿಯುತ್ತದೆ. ಇನ್ನೊಬ್ಬ ಎತ್ತುವಷ್ಟು ಹೊತ್ತು ನಿಮಗೆ ಒಂದೂವರೆ ನಿಮಿಷದ ಬಿಡುವು ತಾನಾಗಿ ಸಿಗುತ್ತದೆ. ಆಚೆ ಈಚೆ ಹಿಡಿದು ಗಂಟೆಗೆ ಎಂಟು ಜನ. ಎರಡು ಬೆಂಚಿನಲ್ಲಿ ಒಂದೂವರೆ ಗಂಟೆಗೆ 24 ಜನ, ನಮ್ಮ ಬೆಳಗಿನ ಗುಂಪು ಹೆಚ್ಚುಕಡಿಮೆ ಅಷ್ಟೇ! ಮೂರನೇ ಬೆಂಚಿಗೆ ಅಂತ ಕಮಿಟಿ ಚಂದಾ ಎತ್ತಲು ಹೊರಟಿತ್ತು, ಆ ಖರ್ಚು ಉಳಿಯಿತು.

ತುಂಬಾ ಭಾರ ಎತ್ತುವವರಿಗೆ ಒಂದೂವರೆ ನಿಮಿಷ ಸಾಲದು, ಅದು ನಿಜ. ಭಾರದ ಸ್ಕ್ವಾಟ್ ಆದರೆ ಮೂರು ನಾಲ್ಕು ನಿಮಿಷ ಬೇಕು. ಅಂಥ ಆರೇಳು ಜನಕ್ಕೆ ರಾತ್ರಿ ಎಂಟರ ಮೇಲೆ ಕೊಕ್ಕೆ ಲೆಕ್ಕಕ್ಕಿಲ್ಲ ಅಂತ ಬಿಟ್ಟೆವು.

ಜೋಡಿ ಶುರುವಾದ ಮೇಲೆ ಹೊಸ ತಲೆನೋವುಗಳು. ಒಬ್ಬ 100 ಕೆಜಿ, ಇನ್ನೊಬ್ಬ 40 ಕೆಜಿ ಆದರೆ ಪ್ಲೇಟು ತೆಗೆದು ಹಾಕುವುದೇ ಕೆಲಸ. ಈಗ ಒಂದೊಂದು ಕಡೆ 20 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬೇರೆ ಜೋಡಿ ನೋಡಿಕೊಳ್ಳಿ ಅಂತೀವಿ. ಕಡಿಮೆ ಎತ್ತುವವನ ಪ್ಲೇಟು ಒಳಗಡೆ, ಜಾಸ್ತಿ ಎತ್ತುವವನದು ಆಮೇಲೆ ಹೊರಗಡೆ, ತೆಗೆಯಲು ಸುಲಭ. ಸ್ಕ್ವಾಟ್ ರ‍್ಯಾಕಿನ ಎತ್ತರ ಯಾವಾಗಲೂ ಕುಳ್ಳಗಿರುವವರ ಅಳತೆಗೆ. ಎತ್ತರದವನು ಸ್ವಲ್ಪ ಬಗ್ಗಿ ತೆಗೆದುಕೊಂಡರೆ ಏನೂ ಆಗುವುದಿಲ್ಲ, ಕುಳ್ಳಗಿರುವವನು ಭಾರ ಹೊತ್ತು ತುದಿಗಾಲಲ್ಲಿ ನಿಂತರೆ ಕಥೆ ಮುಗಿಯಿತು. ಇನ್ನೊಂದು, ಅವಸರದಲ್ಲಿ ಒಂದೇ ಕಡೆಯ ಪ್ಲೇಟೆಲ್ಲಾ ತೆಗೆದ ಹೊಸಬನಿಂದ ರಾಡು ತಿರುಗಿ ಹಾರಿ ಕನ್ನಡಿ ಒಡೆಯಿತು, 2,600 ರೂಪಾಯಿ. ಪುಣ್ಯಕ್ಕೆ ಯಾರ ತಲೆಯೂ ಅಲ್ಲಿರಲಿಲ್ಲ. ಈಗ ಇಬ್ಬರೂ ಆ ಕಡೆ ಈ ಕಡೆ ನಿಂತು ಒಟ್ಟಿಗೇ ತೆಗೆಯಬೇಕು.

ಪ್ಲೇಟು ವಾಪಸ್ ಇಡುವ ವಿಷಯಕ್ಕೆ ಬರುತ್ತೇನೆ. ಸ್ಟ್ಯಾಂಡು ಬಾಗಿಲ ಹತ್ತಿರ ಇತ್ತು, ಬಂದವರಿಗೆ ಕಾಣಲಿ ಅಂತ ಅಧ್ಯಕ್ಷರ ಆಸೆ. ರ‍್ಯಾಕಿನಿಂದ ಹದಿನೈದು ಹೆಜ್ಜೆ. ಒಂದು ಭಾನುವಾರ ಅದನ್ನು ಎಳೆದುಕೊಂಡು ಬಂದು ಎರಡು ಹೆಜ್ಜೆ ದೂರದಲ್ಲಿ ನಿಲ್ಲಿಸಿದೆ. ಮುಕ್ಕಾಲು ಪಾಲು ಸಮಸ್ಯೆ ಅಲ್ಲೇ ಮುಗಿಯಿತು. ಹನ್ನೊಂದು 'ದಯವಿಟ್ಟು' ಮಾಡದ ಕೆಲಸ! ನಮ್ಮಲ್ಲಿ ಹಳೇ ಸಣ್ಣ ತೂತಿನ ಪ್ಲೇಟೂ ಇವೆ, 50 ಎಂಎಂ ತೂತಿನ ಒಲಿಂಪಿಕ್ ಪ್ಲೇಟೂ ಇವೆ, ಎರಡೂ ಬೆರೆತರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ದೊಡ್ಡ ತೂತಿನದಕ್ಕೆ ಪಿವಿಸಿ ಪೈಪಿನ ತುಂಡು ತುರುಕಿ ಸಣ್ಣ ರಾಡಿಗೆ ಕೂರಿಸಲು ನೋಡಿದೆ, ವಾರದಲ್ಲಿ ಪೈಪು ಸೀಳಿತು. ಈಗ ಬೇರೆ ಬೇರೆ ಸ್ಟ್ಯಾಂಡು.

ಒಲಿಂಪಿಕ್ ಅಂದಾಗ ನೆನಪಾಯಿತು. 2022ರಲ್ಲಿ ನಮ್ಮ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಕಂಚು ಗೆದ್ದಾಗ, 2018ರಲ್ಲೂ ಬೆಳ್ಳಿ ತಂದಿದ್ದರಲ್ಲ, ಹುಡುಗರೆಲ್ಲಾ ಕ್ಲೀನ್ ಅಂಡ್ ಜರ್ಕ್, ಅಂದರೆ ನೆಲದಿಂದ ಹೆಗಲಿಗೆ, ಹೆಗಲಿನಿಂದ ತಲೆಯ ಮೇಲಕ್ಕೆ ಎತ್ತುವುದು, ಶುರುಮಾಡಿದರು. ಒಳ್ಳೆಯದೇ. ಆದರೆ ಅಲ್ಲಿ ಬೀಳಿಸುವುದು ರಬ್ಬರ್ ಪ್ಲೇಟು, ಹಲಗೆಯ ಮೇಲೆ. ಇಲ್ಲಿ ಬಿದ್ದದ್ದು ಬೀಡು ಕಬ್ಬಿಣ, ಕಡಪ ಕಲ್ಲಿನ ಮೇಲೆ. ಮೂರು ಕಲ್ಲು ಹೋಳಾದವು. ಆ ಉತ್ಸಾಹದಲ್ಲೇ ನಾನು ಪ್ಲೇಟಿಗೆಲ್ಲಾ ಸ್ಪರ್ಧೆಯ ಬಣ್ಣ ಹೊಡೆದೆ, 20ಕ್ಕೆ ನೀಲಿ, 15ಕ್ಕೆ ಹಳದಿ, 10ಕ್ಕೆ ಹಸಿರು. ತುಕ್ಕು ಉಜ್ಜದೆ, ರೆಡ್ ಆಕ್ಸೈಡ್ ಹಾಕದೆ ನೇರವಾಗಿ ಎನಾಮೆಲ್ ಬಳಿದ ಪುಣ್ಯಾತ್ಮ ನಾನೇ. ಎರಡು ತಿಂಗಳಿಗೆ ಎಲ್ಲರ ಕೈಯಲ್ಲೂ ನೀಲಿ ಬಣ್ಣದ ಚಕ್ಕೆ.

ಟವೆಲ್ ವಿಷಯದಲ್ಲಿ ಕೊರೊನಾ ಕಲಿಸಿದ ಅಭ್ಯಾಸ ಉಳಿದಿದೆ. ಆದರೆ ಆಗ ಸ್ಯಾನಿಟೈಸರ್ ಹೊಡೆದು ಹೊಡೆದು ಬೆಂಚಿನ ರೆಗ್ಜಿನ್ ಎಲ್ಲಾ ಬಿರುಕು ಬಿಟ್ಟಿತು, ಕುಶನ್ ಬದಲಿಸಲು ಆರು ಸಾವಿರ. ಸ್ಪಿರಿಟ್ ಬೇಡ. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಒದ್ದೆ ಬಟ್ಟೆ, ಅಷ್ಟು ಸಾಕು.

ನಾನು ಎಣಿಸದೇ ಇದ್ದ ಲಾಭ ಎರಡು. ಹೆಣ್ಣುಮಕ್ಕಳು ಮೊದಲು ಹತ್ತೂವರೆಗೆ, ಗಂಡಸರು ಯಾರೂ ಇಲ್ಲದಾಗ ಬರುತ್ತಿದ್ದರು. ಈಗ ಸಂಜೆಯೂ ಹತ್ತು ಹನ್ನೆರಡು ಜನ ಬರುತ್ತಾರೆ. ಅದರಲ್ಲಿ ಒಬ್ಬರು ಟೀಚರ್, ನೇರ ಮಾತು. "ಮುಂಚೆ ಒಂದು ಸೆಟ್ ಕೇಳಿದ್ರೆ ಜೊತೆಗೆ ಹತ್ತು ನಿಮಿಷ ಪಾಠ ಕೇಳ್ಬೇಕಿತ್ತು ಸಾರ್, ಈಗ ಬಿಲ್ಲೆ ಹಾಕ್ತೀನಿ, ಎತ್ತೀನಿ, ಹೋಗ್ತೀನಿ" ಅಂದರು. ಇನ್ನೊಂದು, ಕೊಕ್ಕೆ ತುಂಬಿದ್ದಾಗ ಕಾಯುವ ಹುಡುಗರು ಸುಮ್ನೆ ನಿಲ್ಲುವ ಬದಲು ಮಟ್ಟಿ ಕಡೆ ಹೋಗಿ ಗದೆ ತಿರುಗಿಸಲು, ಬಸ್ಕಿ ಹೊಡೆಯಲು ಶುರುಮಾಡಿದರು. ನಮ್ಮ ಉಸ್ತಾದರಿಗೆ ಎಪ್ಪತ್ತು ದಾಟಿದೆ, ಜಿಮ್ ಕೋಣೆಗೆ ಅವರು ಕಾಲಿಡುವುದೇ ಅಪರೂಪ. ಅವರಿಗೆ ಈಗ ಐದಾರು ಹೊಸ ಶಿಷ್ಯರು. ಚಪ್ಪಲಿ ಬಿಟ್ಟು, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳದೆ ಒಳಗೆ ಬಂದವನನ್ನು ಬಿಡುವುದಿಲ್ಲ ಅವರು. ಅಲ್ಲಿ ಕಲಿತ ಹುಡುಗರು ಇಲ್ಲಿ ಪ್ಲೇಟು ಎಸೆಯುವುದಿಲ್ಲ, ಅದನ್ನು ನಾನು ಹೇಳಿಕೊಡಲೇ ಇಲ್ಲ.

ಸೋತಿರುವುದು ಎರಡು ಕಡೆ. ಒಂಟಿ ಕೈಯ ರೋ (ಬಗ್ಗಿ ಭಾರ ಮೇಲಕ್ಕೆ ಎಳೆಯುವುದು) ಮಾಡಲು ಜೋಡಿ ಡಂಬಲ್‌ನಲ್ಲಿ ಒಂದನ್ನು ಮೂಲೆಗೆ ಎತ್ತಿಕೊಂಡು ಹೋಗುವವರು ಈಗಲೂ ಇದ್ದಾರೆ. ಜೋಡಿ ಕಳೆದುಕೊಂಡ ಒಂಟಿ ಡಂಬಲ್ಸ್ ನಾಲ್ಕು ಇವೆ, ಅದಕ್ಕೆ ಕೆಂಪು ಟೇಪು ಸುತ್ತಿ 'ಒಂಟಿ' ಅಂತ ಬರೆದಿಟ್ಟಿದ್ದೇನೆ. ಒಂಟಿ ಕೈಗೆ ಅದನ್ನೇ ಬಳಸಿ ಅಂದರೆ ಅರ್ಧ ಜನ ಮಾತು ಕೇಳುತ್ತಾರೆ. ಇನ್ನೊಂದು ಕೇಬಲ್ ಮೆಷಿನ್. ಅಲ್ಲಿ ಒಬ್ಬ ತೂಕದ ಪಿನ್ ಬದಲಿಸುತ್ತಾ ಬದಲಿಸುತ್ತಾ ನಿಲ್ಲಿಸುವುದೇ ಇಲ್ಲ, ಸೆಟ್ ಎಲ್ಲಿ ಮುಗಿಯಿತು ಅಂತ ಜೊತೆಯವನಿಗೆ ಗೊತ್ತಾಗುವುದಿಲ್ಲ. ಮೂರನೇ ಕೊಕ್ಕೆ ಹಾಕಿ ನೋಡಿದೆ. ಮೂರು ಜನ ಸೇರಿದರೆ ಕೆಲಸಕ್ಕಿಂತ ಹರಟೆ ಜಾಸ್ತಿ, ಹದಿನೈದು ದಿನಕ್ಕೆ ಕತ್ತರಿಸಿ ಹಾಕಿದೆ, ಅದರ ಕಲೆ ಇನ್ನೂ ಪೈಪಿನ ಮೇಲಿದೆ. ಮನಸ್ಸಿನಲ್ಲಿ ಇನ್ನೊಂದು ಉಪಾಯ ಇದೆ. ಆದರೆ ದಸರಾ ಮುಗಿಯುವ ತನಕ ವೆಲ್ಡಿಂಗ್ ಮೆಷಿನ್ ಮುಟ್ಟಬೇಡ ಅಂತ ಉಸ್ತಾದರು ಹೇಳಿದ್ದಾರೆ, ಜೋಡಿ ಕಟ್ಟುವ ಸಮಯ, ಪೈಲ್ವಾನರು ಬರುತ್ತಾರೆ.