ತೊಗರಿ ಹೊಲದಲ್ಲಿ ಪ್ಲೂಮ್ ಪತಂಗ ಹುಡುಕಿದ್ದು

ಪತಂಗ ನೋಡಬೇಕು ಅಂದ್ರೆ ರಾತ್ರಿ ಬಿಳಿ ಬಟ್ಟೆ ಕಟ್ಟಿ, ಲೈಟ್ ಹಾಕಿ ಕೂತುಕೊಳ್ಳಿ ಅಂತಾರೆ. ಪ್ಲೂಮ್ ಪತಂಗಕ್ಕೆ ಅದೆಲ್ಲ ಬೇಕಿಲ್ಲ, ನಾನು ಹಗಲಲ್ಲೇ ತೊಗರಿ ಸಾಲಿಗೆ ಇಳಿದೆ. ಎಕ್ಸೆಲಾಸ್ಟಿಸ್ ಅಟೊಮೋಸ ಅನ್ನೋ ಈ ಪುಟ್ಟ ಪತಂಗದ ಮರಿಗೆ, ಅಂದ್ರೆ ಕೀಡಿಗೆ, ತೊಗರಿಯ ಮೊಗ್ಗು, ಹೂವು, ಎಳೆಕಾಯಿಯೇ ಊಟ. ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್ (ಆ ಊರಿನದೇ ಬೆಳೆ ಅನ್ನೋ ಅಧಿಕೃತ ಗುರುತು) ಸಿಕ್ಕಿದ್ದು 2019ರಲ್ಲಾದರೂ ಇಲ್ಲಿ ತೊಗರಿಗೆ ಯಾವತ್ತು ಬರ!

ಆಳಂದ ಕಡೆ ಕಾಕಾನ ಹೊಲ. ಕಾಯಿ ಕಟ್ಟುವ ಹೊತ್ತು. ಕೀಟನಾಶಕ ಹೊಡೆಯದ ಬದುವಿನ ಸಾಲು ಹಿಡಿದು, ಬಗ್ಗಿ ಮೆಲ್ಲಗೆ ನಡೆದೆ. ಗಿಡಕ್ಕೆ ಮೈ ತಾಗಿದರೆ ಪುರ್ರಂತ ಏಳುತ್ತದೆ, ಆದರೆ ದೂರ ಹೋಗಲ್ಲ, ಪಕ್ಕದ ಗಿಡದಲ್ಲೇ ಕೂರುತ್ತದೆ, ಆಗ ಕಣ್ಣು ಅಲ್ಲೇ ನೆಟ್ಟಿರಬೇಕು. ಕೂತಾಗ ಒಣ ಕಡ್ಡಿಯ ಚೂರಿನಂತೆ ಕಾಣುತ್ತದೆ: ಸಣಕಲು ಮೈ, ಎರಡೂ ಕಡೆ ನೇರ ಚಾಚಿದ ಕಂದು ರೆಕ್ಕೆ. ಮುಂದಿನ ರೆಕ್ಕೆ ಎರಡು ಸೀಳು, ಹಿಂದಿನದು ಮೂರು ಸೀಳು, ಅಂಚಿಗೆಲ್ಲ ಸಣ್ಣ ಕೂದಲಿನ ಜಾಲರಿ. ಆದರೆ ಕೂತಾಗ ಹಿಂದಿನ ರೆಕ್ಕೆ ಮುಂದಿನದರ ಕೆಳಗೆ ಮಡಚಿಕೊಂಡಿರುತ್ತದೆ, ಅದಕ್ಕೇ ಸೀಳು ಸುಲಭಕ್ಕೆ ಕಾಣಲ್ಲ.

"ಏನ್ ಹುಡುಕ್ಲಾಕತ್ತಿ ತಮ್ಮಾ, ಕೀಡಿ ಬಿದ್ದಾವೇನು?" ಅಂದ ಕಾಕಾ. ಬಿದ್ದಿದ್ದವು. ನಮ್ಮಲ್ಲಿ ಕಾಯಿಗೆ ತೂತು ಕಂಡರೆ ಸಾಕು, ತಪ್ಪೆಲ್ಲ ಹಸಿರು ಕಾಯಿಕೊರಕ ಅನ್ನೋ ಬೇರೆ ಕೀಡಿಯ ತಲೆಗೇ ಕಟ್ಟುತ್ತಾರೆ. ಅದರ ತೂತು ದೊಡ್ಡದು, ದುಂಡಗೆ. ಪ್ಲೂಮ್ ಪತಂಗದ ಕೀಡಿ ಸಣ್ಣದು, ನಡು ದಪ್ಪ, ಎರಡೂ ತುದಿ ಚೂಪು, ಮೈತುಂಬ ಗಿಡ್ಡ ಮುಳ್ಳು-ಕೂದಲು. ಮೊದಲು ಸಿಪ್ಪೆ ಕೆರೆದು, ಆಮೇಲೆ ಸಣ್ಣ ತೂತು ಮಾಡಿ ತಲೆಯಷ್ಟೇ ತೂರಿಸಿ ಕಾಳು ತಿನ್ನುತ್ತದೆ. ಕೋಶ ಕಟ್ಟುವುದೂ ಹೆಚ್ಚಾಗಿ ಕಾಯಿಯ ಮೇಲೆಯೇ, ಆ ಕೋಶಕ್ಕೂ ಕೂದಲಿರುವುದರಿಂದ ಕೀಡಿಯೇ ಸುಮ್ನೆ ಮಲಗಿದೆ ಅನಿಸುತ್ತದೆ.

ಅಂಥ ಕಾಯಿಗಳನ್ನು ತೊಟ್ಟು ಸಮೇತ ಕಿತ್ತು ತಂದೆ. ಅಗಲ ಬಾಯಿಯ ಬಾಟಲಿ, ತಳಕ್ಕೆ ಪೇಪರ್, ಬಾಯಿಗೆ ತೆಳು ಬಟ್ಟೆ, ರಬ್ಬರ್ ಬ್ಯಾಂಡ್. ಮುಚ್ಚಳ ಬೇಡವೇ ಬೇಡ, ಬೆವೆತು ಬೂಸ್ಟು ಹಿಡಿಯುತ್ತದೆ. ದಿನಾ ಪೇಪರ್ ಬದಲಿಸಿ ಹೊಸ ಎಳೆಕಾಯಿ ಹಾಕಬೇಕು, ಬಾಡಿದ್ದನ್ನು ಅದು ಮುಟ್ಟಲ್ಲ. ಕೋಶವಾದ ಮೇಲೆ ಕೈ ಹಚ್ಚಬೇಡಿ, ಜಾಸ್ತಿ ದಿನ ಕಾಯಬೇಕಿಲ್ಲ, ಪತಂಗ ಹೊರಗೆ ಬರುತ್ತದೆ. ರೆಕ್ಕೆ ಪೂರ್ತಿ ಬಿರಿಯಲಿ, ಫೋಟೋ ಆಮೇಲೆ.

ಫೋಟೋ ಆದ ಮೇಲೆ ಹೊಲಕ್ಕೇ ವಾಪಸ್ ಬಿಡ್ತೀನಿ ಅಂದೆ. ಕಾಕಾ ಒಪ್ಪಲಿಲ್ಲ. ಅವನ ಕಾಳು, ಅವನ ಮಾತು, ಸರಿನೇ ಅಲ್ವಾ.