ಬೆಳಗಿನ ತಿಂಡಿ: ಬದಲಾಗಬೇಕಾದದ್ದು ತಟ್ಟೆಯ ಅಳತೆ

ಆರೋಗ್ಯದ ಹೆಸರಿನಲ್ಲಿ ಇಡ್ಲಿ, ದೋಸೆ, ಉಪ್ಪಿಟ್ಟುಗಳನ್ನು ಬಿಟ್ಟು ಪೊಟ್ಟಣದ ಕಾರ್ನ್‌ಫ್ಲೇಕ್ಸ್‌ಗೆ ಮೊರೆಹೋಗುವ ಅಗತ್ಯ ನಮ್ಮ ಮನೆಗಳಿಗಿಲ್ಲ. ಕೊರತೆ ಇರುವುದು ಅಳತೆಯಲ್ಲಿ: ತಟ್ಟೆಯ ತುಂಬ ಅಕ್ಕಿಯೋ ರವೆಯೋ ಇದ್ದು, ಬೇಳೆಕಾಳು ಮತ್ತು ತರಕಾರಿ ಹೆಸರಿಗಷ್ಟೇ ಇರುತ್ತವೆ. ಇದನ್ನು ಸರಿಪಡಿಸುವ ಬಗೆಯನ್ನು ಉಪ್ಪಿಟ್ಟಿನಿಂದಲೇ ಆರಂಭಿಸೋಣ.

ನಾಲ್ವರಿಗೆ ಎರಡು ಲೋಟ ರವೆ ಹಾಕುವಲ್ಲಿ ಒಂದೇ ಲೋಟ ಗೋಧಿ ನುಚ್ಚನ್ನು ಘಮ ಬರುವವರೆಗೆ ಹುರಿದಿಟ್ಟುಕೊಳ್ಳಿ. ಹೊಟ್ಟು ಉಳಿದಿರುವ ಈ ನುಚ್ಚಿನಲ್ಲಿ ನಾರಿನಂಶ ಹೆಚ್ಚು. ಬಾಣಲೆಗೆ ಎರಡು ದೊಡ್ಡ ಚಮಚ ಎಣ್ಣೆಯಷ್ಟೇ ಹಾಕಿ, ಸಾಸಿವೆ, ಕಡಲೆಬೇಳೆ, ಕರಿಬೇವಿನ ಒಗ್ಗರಣೆ ಮಾಡಿ, ಹೆಚ್ಚಿದ ಬೀನ್ಸ್, ಕ್ಯಾರೆಟ್, ಹಸಿ ಬಟಾಣಿ ಅಥವಾ ಸೊಗಡಿನ ಕಾಲದಲ್ಲಿ ಅವರೆಕಾಳು ಸೇರಿ ಎರಡು ಲೋಟದಷ್ಟನ್ನು ಅದರಲ್ಲೇ ಬಾಡಿಸಿ. ಬಳಿಕ ಮೂರು ಲೋಟ ನೀರು ಕುದಿಸಿ, ನುಚ್ಚು ಸುರಿದು, ಮುಚ್ಚಿ ಬೇಯಿಸಿ. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು, ಏಕೆಂದರೆ ಕಾಳು ಮತ್ತು ತರಕಾರಿಯ ಕಬ್ಬಿಣದಂಶ ದೇಹಕ್ಕೆ ಹತ್ತಲು ನೆರವಾಗುವ ವಿಟಮಿನ್ ಸಿ ಕಾವಿಗೆ ನಷ್ಟವಾಗುತ್ತದೆ. ಬೆಳಗಿನ ಧಾವಂತದಲ್ಲಿ ಒಬ್ಬರೇ ಇಷ್ಟು ತರಕಾರಿ ಹೆಚ್ಚುವುದು ಕಷ್ಟ. ರಾತ್ರಿಯೇ ಮನೆಮಂದಿ ಕೂಡಿ ಹೆಚ್ಚಿಟ್ಟುಕೊಳ್ಳುವುದು ನ್ಯಾಯವೂ ಹೌದು, ಸುಲಭವೂ ಹೌದು.

ಎರಡನೆಯ ಹೆಜ್ಜೆ, ವಾರದಲ್ಲಿ ಎರಡು ದಿನವಾದರೂ ಕಾಳನ್ನೇ ಮುಖ್ಯ ತಿಂಡಿಯಾಗಿಸುವುದು. ಒಂದು ಲೋಟ ಹೆಸರುಕಾಳನ್ನು ಹಿಡಿ ಅಕ್ಕಿಯೊಂದಿಗೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಶುಂಠಿ, ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ ರುಬ್ಬಿದರೆ ಹುದುಗು ಬರಿಸುವ ಗೋಜಿಲ್ಲದೆ ಕೂಡಲೇ ದೋಸೆ ಹುಯ್ಯಬಹುದು. ನೂರು ಗ್ರಾಂ ಹೆಸರುಕಾಳಿನಲ್ಲಿ ಇಪ್ಪತ್ತು ಗ್ರಾಂಗೂ ಮಿಕ್ಕಿ ಪ್ರೋಟೀನ್ ಇರುವುದರಿಂದ ಮಧ್ಯಾಹ್ನದವರೆಗೆ ಹಸಿವು ಕಾಡುವುದು ಕಡಿಮೆ. ಅಷ್ಟೇ ತೂಕದ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ; ನುಗ್ಗೆಸೊಪ್ಪು, ಈರುಳ್ಳಿ ಕಲಸಿ ತಟ್ಟಿದ ರಾಗಿರೊಟ್ಟಿ ಬೆಳೆಯುವ ಮಕ್ಕಳಿಗೂ ವಯಸ್ಸಾದವರಿಗೂ ಒಳ್ಳೆಯದು.

ಇಡ್ಲಿಯ ದಿನ ಎರಡು ಮೂರು ಇಡ್ಲಿಗೆ ಒಂದು ಬಟ್ಟಲು ಗಟ್ಟಿ ತರಕಾರಿ ಸಾಂಬಾರು ಇರಲಿ. ಚಟ್ನಿಗೆ ತೆಂಗಿನಕಾಯಿ ಅರ್ಧಕ್ಕಿಳಿಸಿ, ಹುರಿಗಡಲೆಯನ್ನೋ ಉತ್ತರ ಕರ್ನಾಟಕದವರಂತೆ ಶೇಂಗಾವನ್ನೋ ಸೇರಿಸಿ. ವಡೆ, ಪೂರಿಗಳು ಹಬ್ಬಕ್ಕಿರಲಿ. ಹಣ್ಣನ್ನು ರಸ ತೆಗೆದು ಕುಡಿಯುವ ಬದಲು ಕಚ್ಚಿ ತಿನ್ನಬೇಕು. ಪೊಟ್ಟಣದ ತಿಂಡಿ ಕೊಳ್ಳಲೇಬೇಕಾದರೆ ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಓದಿ. ಅಲ್ಲಿ ತೂಕದಲ್ಲಿ ಹೆಚ್ಚಿರುವುದೇ ಮೊದಲು ಬರುವುದರಿಂದ, ಸಕ್ಕರೆ ಮೊದಲ ಎರಡು ಮೂರು ಹೆಸರುಗಳಲ್ಲಿದ್ದರೆ ಅದನ್ನು ಅಂಗಡಿಯಲ್ಲೇ ಬಿಡುವುದು ಲೇಸು.

ಇನ್ನು ಕಾಫಿ, ಚಹಾ. ಇವುಗಳಲ್ಲಿನ ಟ್ಯಾನಿನ್ ಕಬ್ಬಿಣದಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುವುದರಿಂದ, ಆಹಾರ ಸೇವನೆಗೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ನಂತರ ಇವನ್ನು ಕುಡಿಯಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿ ತಿಳಿಸುತ್ತದೆ. ರಕ್ತಹೀನತೆಯಿರುವವರು ಇದನ್ನು ತಪ್ಪದೆ ಪಾಲಿಸಬೇಕು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ತಿಂಡಿಯ ಅಳತೆ, ಸಮಯಗಳನ್ನು ತಮ್ಮ ವೈದ್ಯರನ್ನು ಕೇಳಿಯೇ ಬದಲಿಸಿಕೊಳ್ಳಬೇಕು.