ಕಣಿವೆಗೆ ಇಳಿಯುವ ಮುನ್ನವೇ ಗೇರ್ ಇಳಿಸಿ

ಬೆಂಗಳೂರಿನಿಂದ ಕನಕಪುರದ ಮೂಲಕ ಸಂಗಮಕ್ಕೆ, ಅಂದರೆ ಅರ್ಕಾವತಿಯು ಕಾವೇರಿಯನ್ನು ಸೇರುವ ಕಣಿವೆಗೆ ಬೈಕಿನಲ್ಲಿ ಹೋಗುವವರು, ಆ ದಾರಿಯನ್ನು ಮರಳಿ ಹತ್ತಲು ಯಾವ ಗೇರ್ ಬೇಕಾಗುತ್ತದೆಯೋ ಅದೇ ಗೇರಿಗೆ ಇಳಿಜಾರು ಆರಂಭವಾಗುವ ಮುನ್ನವೇ ಬಂದಿರಬೇಕು. ಕ್ಲಚ್ ಹಿಡಿದುಕೊಂಡು ಅಥವಾ ನ್ಯೂಟ್ರಲ್‌ನಲ್ಲಿ ಇಳಿಯಲೇಬಾರದು. ಕಡಿಮೆ ಗೇರಿನಲ್ಲೇ ಇಳಿದರೆ ಎಂಜಿನ್ನೇ ವೇಗವನ್ನು ತಡೆಯುವುದರಿಂದ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುವುದಿಲ್ಲ, ತಿರುವಿನಲ್ಲಿ ದನವೋ ಬಸ್ಸೋ ಎದುರಾದಾಗ ಬ್ರೇಕಿನ ಪೂರ್ಣ ಶಕ್ತಿ ಕೈಯಲ್ಲಿರುತ್ತದೆ. ಎಂಜಿನ್ ತಡೆಯುವಾಗ ಹಿಂದಿನ ಬ್ರೇಕ್ ದೀಪ ಸಾಮಾನ್ಯವಾಗಿ ಹೊತ್ತುವುದಿಲ್ಲವಾದ್ದರಿಂದ, ಹಿಂದೆ ಬರುವವರಿಗೆ ತಿಳಿಯಲೆಂದು ಬ್ರೇಕನ್ನು ಆಗಾಗ ಹಗುರವಾಗಿ ಒತ್ತುತ್ತಿರುವುದನ್ನು ದಯವಿಟ್ಟು ಮರೆಯಬೇಡಿ. ಗೇರಿಲ್ಲದ ಸ್ಕೂಟರಿಗೆ ಈ ಉಪಾಯ ಅಷ್ಟಾಗಿ ಒದಗದು; ಒದ್ದೆಯಾದ ಅಥವಾ ಮರಳು ಹರಡಿದ ತಿರುವಿನ ನಡುವೆ ಥಟ್ಟನೆ ಗೇರ್ ಇಳಿಸಿದರೆ ಹಿಂದಿನ ಚಕ್ರ ಜಾರಬಹುದು.